ಮ್ಯಾಕುಲಾ ಕ್ಷಯ ಎಷ್ಟು ಮುಂದುವರಿದಿದೆ ಎಂದು ತಿಳಿಯುವುದು ಹೇಗೆ?

(ಹಿರಿಯ ನಾಗರಿಕರು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದೆ.)

ಅರವತ್ತು ದಾಟಿದವರ ಕಣ್ಣು ಮಂಜಾಯಿತೆಂದರೆ ನಮ್ಮ ನಾಡಿನಲ್ಲಿ ಮೊದಲು ಬಾಯಿಗೆ ಬರುವ ಮಾತು ಪೊರೆ. ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರ ಶಿಬಿರಗಳನ್ನು ನಡೆಸುತ್ತಿದ್ದ ಕಾಲದಿಂದಲೂ ಮುಪ್ಪಿನ ಕುರುಡೆಂದರೆ ಪೊರೆ, ಪೊರೆಯೆಂದರೆ ಆಪರೇಷನ್, ಆಪರೇಷನ್ ಆದರೆ ದೃಷ್ಟಿ ಮರಳುತ್ತದೆ ಎಂಬ ತಿಳಿವಳಿಕೆ ಜನರಲ್ಲಿ ಬೇರೂರಿದೆ. ಪೊರೆಯ ಮಟ್ಟಿಗೆ ಅದು ಸರಿಯಾದ ತಿಳಿವಳಿಕೆಯೇ. ವಯಸ್ಸಿನೊಂದಿಗೆ ಬರುವ ಮ್ಯಾಕುಲಾ ಕ್ಷಯದ ಲೆಕ್ಕ ಬೇರೆ. ಇಲ್ಲಿ ಒಮ್ಮೆ ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ, ಈಗಿರುವ ಚಿಕಿತ್ಸೆಗಳು ಬಹುಮಟ್ಟಿಗೆ ಉಳಿದಿರುವುದನ್ನು ಕಾಪಾಡುವಂಥವು. ಆದ್ದರಿಂದ ಎಷ್ಟು ಹೋಗಿದೆ, ಎಷ್ಟು ವೇಗವಾಗಿ ಹೋಗುತ್ತಿದೆ ಎಂಬ ಅಳತೆಯ ಮೇಲೆಯೇ ವೈದ್ಯರ ತೀರ್ಮಾನವೂ ಮನೆಯವರ ಸಿದ್ಧತೆಯೂ ನಿಂತಿರುತ್ತದೆ.

ಅಳೆಯುವುದು ಅಷ್ಟು ಸುಲಭವಲ್ಲ ಎಂಬುದೇ ನನ್ನ ಇಂದಿನ ಮಾತಿನ ತಿರುಳು. ಈ ಕಾಯಿಲೆಯ ನಡೆಯನ್ನು ಪೂರ್ತಿಯಾಗಿ ಹೇಳುವ ಒಂದೇ ಅಂಕಿ ಇಲ್ಲ. ಅಷ್ಟೇ ಅಲ್ಲ, ಕೆಲವೊಮ್ಮೆ ರಿಪೋರ್ಟಿನ ಅಂಕಿ ಸುಧಾರಿಸುತ್ತಿರುವಾಗಲೇ ಕಣ್ಣು ಹದಗೆಡುತ್ತಿರುತ್ತದೆ.

ಮೊದಲು ಜಾಗದ ಪರಿಚಯ ಮಾಡಿಕೊಳ್ಳೋಣ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪದರವೇ ಅಕ್ಷಿಪಟಲ, ಅಂದರೆ ರೆಟಿನಾ. ಅದರ ನಡುವಿನ, ಸುಮಾರು 5.5 ಮಿಲಿಮೀಟರ್ ಅಗಲದ ಭಾಗ ಮ್ಯಾಕುಲಾ. ಅದರೊಳಗೆ ಸುಮಾರು 1.5 ಮಿಲಿಮೀಟರ್ ಅಗಲದ ತಗ್ಗು ಫೋವಿಯಾ. ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಇವೆಲ್ಲ ನಡೆಯುವುದು ಈ ಇಷ್ಟು ಜಾಗದ ಬಲದಿಂದ. ಬೆಳಕು ಗ್ರಹಿಸುವ ಕೋಶಗಳ ಕೆಳಗೆ ಅವುಗಳನ್ನು ಸಾಕುವ ವರ್ಣಕೋಶಗಳ ಒಂದು ಸಾಲಿದೆ, ಅದರ ಕೆಳಗೆ ಬ್ರೂಕ್ ಪದರ, ಅದಕ್ಕೂ ಕೆಳಗೆ ಕೊರಾಯ್ಡ್ ಎಂಬ ರಕ್ತನಾಳಗಳ ಹಾಸು. ವಯಸ್ಸಾದಂತೆ ವರ್ಣಕೋಶಗಳಿಗೂ ಬ್ರೂಕ್ ಪದರಕ್ಕೂ ನಡುವೆ ಕೊಬ್ಬು ಮತ್ತು ಪ್ರೋಟೀನುಗಳ ಹಳದಿ ಬಣ್ಣದ ಗಂಟುಗಳು ಕೂಡಿಕೊಳ್ಳುತ್ತವೆ. ಅವುಗಳಿಗೆ ಡ್ರೂಸೆನ್ ಎಂದು ಹೆಸರು. ಪಾಪೆ ಹಿಗ್ಗಿಸುವ ಹನಿ ಹಾಕಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ವೈದ್ಯರು ಲೆನ್ಸ್ ಹಿಡಿದು ನೋಡುವಾಗ ಮೊದಲು ಹುಡುಕುವುದು ಇವನ್ನೇ.

ಡ್ರೂಸೆನ್ ಇದ್ದ ಮಾತ್ರಕ್ಕೆ ರೋಗವಿದೆ ಎಂದಲ್ಲ. 2013ರಲ್ಲಿ ತಜ್ಞರ ಒಂದು ಸಮಿತಿ ಒಪ್ಪಿಕೊಂಡ ಬೆಕ್‌ಮನ್ ವರ್ಗೀಕರಣದ ಪ್ರಕಾರ 63 ಮೈಕ್ರಾನಿಗಿಂತ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಚಿಕ್ಕ ಚುಕ್ಕೆಗಳು ಮುಪ್ಪಿನ ಸಹಜ ಗುರುತುಗಳಷ್ಟೆ. 63ರಿಂದ 125 ಮೈಕ್ರಾನ್‌ವರೆಗಿನವು ಇದ್ದು, ವರ್ಣಕೋಶಗಳಲ್ಲಿ ಬಣ್ಣದ ಏರುಪೇರು ಇಲ್ಲದಿದ್ದರೆ ಆರಂಭದ ಹಂತ. 125 ಮೈಕ್ರಾನ್ ದಾಟಿದ ದೊಡ್ಡ ಡ್ರೂಸೆನ್ ಅಥವಾ ಬಣ್ಣದ ಏರುಪೇರು ಕಂಡರೆ ಮಧ್ಯಮ ಹಂತ. ಅದರ ನಂತರದ್ದು ಕೊನೆಯ ಹಂತ, ಅದಕ್ಕೆ ಎರಡು ರೂಪಗಳಿವೆ: ಕೋಶಗಳು ತೇಪೆ ತೇಪೆಯಾಗಿ ಸಾಯುವ, ವೈದ್ಯರು ಜಿಯಾಗ್ರಫಿಕ್ ಅಟ್ರೋಫಿ ಎನ್ನುವ ಒಣ ಬಗೆ; ಕೆಳಗಿನಿಂದ ಹೊಸ ರಕ್ತನಾಳಗಳು ನುಗ್ಗಿ ನೀರು, ರಕ್ತ ಸೋರುವ ತೇವದ ಬಗೆ. ಈ 125 ಮೈಕ್ರಾನ್ ಎಂಬ ಗಡಿ ಆಕಾಶದಿಂದ ಬಂದದ್ದಲ್ಲ. ಕಣ್ಣಿನ ನರ ಹೊರಡುವ ತಟ್ಟೆಯ ಅಂಚಿನಲ್ಲಿ ಹಾಯುವ ದೊಡ್ಡ ಅಭಿಧಮನಿಯ ಅಗಲ ಸುಮಾರು ಅಷ್ಟೇ ಇರುತ್ತದೆ. ನೋಡುತ್ತಿರುವ ಕಣ್ಣಿನೊಳಗೇ ಅಳತೆಗೋಲು ಸಿಕ್ಕಂತಾಗುತ್ತದೆ. ಯಾವ ಯಂತ್ರವೂ ಇಲ್ಲದ ತಾಲ್ಲೂಕು ಆಸ್ಪತ್ರೆಯ ವೈದ್ಯರೂ ಇದನ್ನು ಬಳಸಬಹುದು ಎಂಬುದು ಈ ಗಡಿಯ ದೊಡ್ಡ ಗುಣ.

ಹಂತ ತಿಳಿದರೆ ಸಾಲದು, ಮುಂದೇನಾಗಬಹುದು ಎಂಬುದೂ ಬೇಕು. ಇದಕ್ಕೆ ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆ ನಡೆಸಿದ ಎ‌ಆರ್‌ಇಡಿಎಸ್ ಅಧ್ಯಯನ ಒಂದು ಸರಳವಾದ ಲೆಕ್ಕ ಕೊಟ್ಟಿದೆ. 11 ಕೇಂದ್ರಗಳಲ್ಲಿ 4,757 ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಅದು. 2005ರಲ್ಲಿ ಪ್ರಕಟವಾದ ಆ ಲೆಕ್ಕದಲ್ಲಿ ಪ್ರತಿ ಕಣ್ಣಿಗೂ ದೊಡ್ಡ ಡ್ರೂಸೆನ್ ಇದ್ದರೆ ಒಂದು ಅಂಕ, ಬಣ್ಣದ ಏರುಪೇರು ಇದ್ದರೆ ಒಂದು ಅಂಕ. ಎರಡೂ ಕಣ್ಣು ಸೇರಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಬರುತ್ತದೆ. ಐದು ವರ್ಷಗಳೊಳಗೆ ಕನಿಷ್ಠ ಒಂದು ಕಣ್ಣಾದರೂ ಕೊನೆಯ ಹಂತ ತಲುಪುವ ಸಂಭವ, ಸೊನ್ನೆ ಅಂಕದವರಲ್ಲಿ ಸುಮಾರು ಶೇಕಡಾ 0.5, ಒಂದಕ್ಕೆ 3, ಎರಡಕ್ಕೆ 12, ಮೂರಕ್ಕೆ 25, ನಾಲ್ಕಕ್ಕೆ 50. ಒಂದು ಕಣ್ಣು ಆಗಲೇ ಕೊನೆಯ ಹಂತದಲ್ಲಿದ್ದರೆ ಆ ಕಣ್ಣೊಂದಕ್ಕೇ ಎರಡು ಅಂಕ. ಒಂದೊಂದು ಅಂಕಕ್ಕೂ ಅಪಾಯ ಹೇಗೆ ನೆಗೆಯುತ್ತದೆ ಎಂಬುದನ್ನು ಗಮನಿಸಿ. ದೃಷ್ಟಿಯಲ್ಲಿ ಯಾವ ದೂರೂ ಇಲ್ಲದ, ಪತ್ರಿಕೆಯನ್ನು ಸರಾಗವಾಗಿ ಓದುವ ಇಬ್ಬರಲ್ಲಿ ಒಬ್ಬರಿಗೆ ಒಂದು ಅಂಕ, ಇನ್ನೊಬ್ಬರಿಗೆ ನಾಲ್ಕು ಅಂಕ ಬಂದಿರಬಹುದು. ಅವರ ಕಣ್ಣುಗಳು ಇಂದು ಒಂದೇ ಬಗೆಯಾಗಿ ಕಾಣುತ್ತವೆ, ಐದು ವರ್ಷದ ಮುಂದಿನ ಚಿತ್ರ ಮಾತ್ರ ಅಜಗಜಾಂತರ.

ಆದರೆ ಈ ಅಧ್ಯಯನದಲ್ಲಿ ಭಾಗವಹಿಸಿದವರು ಬಹುತೇಕ ಎಲ್ಲರೂ ಬಿಳಿಯರು. ನಮ್ಮವರಿಗೆ ಇದೇ ಶೇಕಡಾವಾರುಗಳನ್ನು ಹಾಗೆಯೇ ಅನ್ವಯಿಸುವಾಗ ಸ್ವಲ್ಪ ಹಿಡಿತ ಬೇಕು. ಏಷ್ಯಾದ ಜನರಲ್ಲಿ, ಭಾರತೀಯರೂ ಸೇರಿದಂತೆ, ಪಾಲಿಪಾಯ್ಡಲ್ ಕೊರಾಯ್ಡಲ್ ವ್ಯಾಸ್ಕ್ಯುಲೋಪತಿ ಎಂಬ ತೇವದ ಬಗೆಯ ಒಂದು ರೂಪ ಹೆಚ್ಚು. ಅದರಲ್ಲಿ ರಕ್ತನಾಳದ ತುದಿಗಳು ಗುಳ್ಳೆಗಳಂತೆ ಊದಿಕೊಂಡು ಒಮ್ಮೆಲೇ ರಕ್ತ ಸೋರಬಹುದು, ಅದಕ್ಕೂ ಮೊದಲು ದೊಡ್ಡ ಡ್ರೂಸೆನ್ ಇದ್ದೇ ಇರಬೇಕೆಂದಿಲ್ಲ. ಅದನ್ನು ಖಚಿತವಾಗಿ ಗುರುತಿಸಲು ಇಂಡೋಸಯನೀನ್ ಗ್ರೀನ್ ಎಂಬ ಬಣ್ಣವನ್ನು ರಕ್ತಕ್ಕೆ ಕೊಟ್ಟು ಫೋಟೊ ತೆಗೆಯಬೇಕು. ಡ್ರೂಸೆನ್ ಎಣಿಸಿ ಸೊನ್ನೆ ಅಂಕ ಬಂತೆಂದು ನಿಶ್ಚಿಂತರಾಗುವ ಹಾಗಿಲ್ಲ.

ಇನ್ನು ಡ್ರೂಸೆನ್ ಅಳತೆಯೊಳಗಿನ ಒಂದು ಬಲೆಯ ವಿಚಾರ. 1991ರಲ್ಲಿ ಮೊದಲ ಬಾರಿಗೆ ವರದಿಯಾದ ಒಸಿಟಿ ಸ್ಕ್ಯಾನ್ ಈಗ ಜಿಲ್ಲಾ ಕೇಂದ್ರಗಳಲ್ಲೂ ಸಿಗುತ್ತದೆ. ಬೆಳಕಿನ ಪ್ರತಿಫಲನದಿಂದ ರೆಟಿನಾದ ಅಡ್ಡಸೀಳಿನ ಚಿತ್ರವನ್ನು ಕೊಡುವ ಈ ಯಂತ್ರ ಐದಾರು ಮೈಕ್ರಾನಿನಷ್ಟು ಸೂಕ್ಷ್ಮವಾಗಿ ಪದರಗಳನ್ನು ಬಿಡಿಸಿ ತೋರಿಸುತ್ತದೆ. ಹೀಗಾಗಿ ಡ್ರೂಸೆನ್‌ನ ಅಗಲವನ್ನಷ್ಟೇ ಅಲ್ಲ, ಒಟ್ಟು ಗಾತ್ರವನ್ನೂ ಘನ ಮಿಲಿಮೀಟರಿನಲ್ಲಿ ಅಳೆಯಬಹುದು. ಒಂದು ವರ್ಷದ ಸ್ಕ್ಯಾನಿನಲ್ಲಿ ಗಾತ್ರ ಹೆಚ್ಚಿತು, ಮರುವರ್ಷ ಇನ್ನಷ್ಟು ಹೆಚ್ಚಿತು, ಮೂರನೆಯ ವರ್ಷ ಥಟ್ಟನೆ ಅರ್ಧಕ್ಕಿಳಿಯಿತು ಎಂದುಕೊಳ್ಳಿ. ಮನೆಯವರು ಸಂತೋಷಪಡುತ್ತಾರೆ, ಮಾತ್ರೆ ಕೆಲಸ ಮಾಡಿತು ಎನ್ನುತ್ತಾರೆ. ರೆಟಿನಾ ತಜ್ಞರ ಹುಬ್ಬು ಗಂಟಿಕ್ಕುವುದು ಆಗಲೇ. ಡ್ರೂಸೆನ್ ತಾನಾಗಿ ಕುಸಿಯುವುದು ಎಷ್ಟೋ ಬಾರಿ ಅದರ ಮೇಲೆ ಕುಳಿತು ಅದನ್ನು ತುಂಬುತ್ತಿದ್ದ ವರ್ಣಕೋಶಗಳು ಸೋತದ್ದರ ಗುರುತು. ಅದೇ ಜಾಗದಲ್ಲಿ ಮುಂದೆ ತೇಪೆ ಏಳುತ್ತದೆ. ಸ್ಕ್ಯಾನಿನಲ್ಲಿ ಆಗ ನೋಡಬೇಕಾದದ್ದು ಗುಡ್ಡ ಎಷ್ಟು ತಗ್ಗಿತು ಎಂಬುದನ್ನಲ್ಲ, ಗುಡ್ಡವಿದ್ದ ಜಾಗದ ಮೇಲಿನ ಸಾಲುಗಳು ಅಖಂಡವಾಗಿವೆಯೇ, ಅಲ್ಲಿಂದ ಕೆಳಕ್ಕೆ ಕೊರಾಯ್ಡ್‌ವರೆಗೆ ಬೆಳಕು ಪಟ್ಟೆಯಾಗಿ ಸೋರಿದೆಯೇ ಎಂಬುದನ್ನು. ವರ್ಣಕೋಶಗಳ ಸಾಲು ಗಟ್ಟಿಯಾಗಿದ್ದರೆ ಯಂತ್ರದ ಬೆಳಕು ಅಷ್ಟಾಗಿ ಕೆಳಗಿಳಿಯುವುದಿಲ್ಲ. ಅದು ಹರಿದಿದ್ದರೆ ಇಳಿಯುತ್ತದೆ. ಹೀಗೆ ಬೆಳಕು ಸೋರಿದ ಪಟ್ಟೆ 250 ಮೈಕ್ರಾನಿಗಿಂತ ಅಗಲವಾಗಿದ್ದು, ಅಷ್ಟೇ ಅಗಲಕ್ಕೆ ವರ್ಣಕೋಶಗಳ ಸಾಲೂ ಕೆಟ್ಟಿದ್ದು, ಮೇಲಿನ ಬೆಳಕು ಗ್ರಹಿಸುವ ಕೋಶಗಳೂ ನಶಿಸಿದ್ದರೆ ಅದನ್ನು ಪೂರ್ಣ ಕ್ಷಯವೆಂದು ಎಣಿಸಬೇಕೆಂದು 2018ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ನಿಗದಿ ಮಾಡಿತು. ಇಷ್ಟು ಕಟ್ಟುನಿಟ್ಟಾದ ವ್ಯಾಖ್ಯೆ ಇಲ್ಲದಿದ್ದರೆ ಒಬ್ಬರು ತೇಪೆ ಎಂದದ್ದನ್ನು ಇನ್ನೊಬ್ಬರು ಇಲ್ಲವೆನ್ನುತ್ತಿದ್ದರು.

ಈಗ ನಿಮಗೆಲ್ಲ ಪರಿಚಿತವಾದ ಅಕ್ಷರದ ಹಲಗೆಗೆ ಬರೋಣ. 1862ರಲ್ಲಿ ನೆದರ್‌ಲ್ಯಾಂಡ್ಸ್‌ನ ಸ್ನೆಲೆನ್ ರೂಪಿಸಿದ ಹಲಗೆಯೇ ಇಂದಿಗೂ ಸಾಮಾನ್ಯ ಕ್ಲಿನಿಕ್ಕುಗಳಲ್ಲಿ ನಡೆಯುತ್ತಿದೆ. ಅದರ ದೋಷವೆಂದರೆ ಮೇಲಿನ ಸಾಲಿನಲ್ಲಿ ಒಂದೇ ಅಕ್ಷರ, ಕೆಳಗಿಳಿದಂತೆ ಹೆಚ್ಚು. ಒಂದು ಸಾಲಿಗೂ ಮುಂದಿನದಕ್ಕೂ ಇರುವ ಅಂತರ ಸಮನಾಗಿಲ್ಲ. ಹೀಗಾಗಿ ‘ಒಂದು ಸಾಲು ಇಳಿಯಿತು’ ಎಂಬ ಮಾತಿಗೆ ಮೇಲೊಂದು ಅರ್ಥ, ಕೆಳಗೊಂದು ಅರ್ಥ. ಸಂಶೋಧನೆಯಲ್ಲಿ ಬಳಸುವ ಇಟಿಡಿಆರ್‌ಎಸ್ ಹಲಗೆಯಲ್ಲಿ ಪ್ರತಿ ಸಾಲಿಗೂ ಐದೇ ಅಕ್ಷರ, ಸಾಲಿನಿಂದ ಸಾಲಿಗೆ ಗಾತ್ರ ಒಂದೇ ಅನುಪಾತದಲ್ಲಿ ಇಳಿಯುತ್ತದೆ, ನಾಲ್ಕು ಮೀಟರ್ ದೂರದಿಂದ ಅಕ್ಷರ ಅಕ್ಷರವಾಗಿ ಲೆಕ್ಕ ಹಾಕುತ್ತಾರೆ. 15 ಅಕ್ಷರ, ಅಂದರೆ ಮೂರು ಸಾಲು ಕಳೆದುಕೊಂಡರೆ, ಓದಬಲ್ಲ ಅಕ್ಷರದ ಗಾತ್ರ ಎರಡರಷ್ಟು ದೊಡ್ಡದಾಗಬೇಕಾಯಿತು ಎಂದರ್ಥ. ತೇವದ ಬಗೆಗೆ ಕೊಡುವ ರಾನಿಬಿಝುಮ್ಯಾಬ್ ಚುಚ್ಚುಮದ್ದಿನ ಯಶಸ್ಸನ್ನು 2006ರಲ್ಲಿ ಜಗತ್ತು ಒಪ್ಪಿದ್ದು ಇದೇ ಹಲಗೆಯ ಸಾಕ್ಷ್ಯದ ಮೇಲೆ: ಒಂದು ವರ್ಷದ ಹೊತ್ತಿಗೆ ಔಷಧ ಪಡೆದವರು ಸರಾಸರಿ ಸುಮಾರು 7 ಅಕ್ಷರ ಗಳಿಸಿದ್ದರೆ, ಪಡೆಯದವರು ಸುಮಾರು 10 ಅಕ್ಷರ ಕಳೆದುಕೊಂಡಿದ್ದರು.

ತೇವದ ಬಗೆಗೆ ಇಷ್ಟು ಚೆನ್ನಾಗಿ ಒದಗಿದ ಹಲಗೆ ಒಣ ಬಗೆಯಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ತೇಪೆಗಳು ಸಾಮಾನ್ಯವಾಗಿ ಫೋವಿಯಾದ ನಟ್ಟನಡುವೆ ಹುಟ್ಟುವುದಿಲ್ಲ. ಅದರ ಸುತ್ತ ಅಲ್ಲಲ್ಲಿ ಎದ್ದು, ಒಂದಕ್ಕೊಂದು ಕೂಡಿ ಕುದುರೆ ಲಾಳದ ಆಕಾರಕ್ಕೆ, ಆಮೇಲೆ ಉಂಗುರದ ಆಕಾರಕ್ಕೆ ಬರುತ್ತವೆ. ನಡುವೆ ಒಂದು ಚಿಕ್ಕ ಜೀವಂತ ದ್ವೀಪ ಕೆಲಕಾಲ ಉಳಿದಿರುತ್ತದೆ. ಆ ದ್ವೀಪ 0.3 ಮಿಲಿಮೀಟರ್ ಅಗಲವಿದೆ ಎಂದಿಟ್ಟುಕೊಳ್ಳೋಣ. ಅದು ದೃಷ್ಟಿಯಲ್ಲಿ ಹೆಚ್ಚುಕಡಿಮೆ ಒಂದು ಡಿಗ್ರಿ. ನಾಲ್ಕು ಮೀಟರ್ ದೂರದ ಹಲಗೆಯ ಮೇಲೆ ಒಂದು ಡಿಗ್ರಿ ಎಂದರೆ ಏಳು ಸೆಂಟಿಮೀಟರ್. 6/12 ಎಂದರೆ ಆರೋಗ್ಯವಂತ ಕಣ್ಣು 12 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವ ದೃಷ್ಟಿ. ಈ ಹಲಗೆಯಲ್ಲಿ ಆ ಸಾಲಿನ ಅಕ್ಷರದ ಎತ್ತರ 1.2 ಸೆಂಟಿಮೀಟರಿಗೂ ಕಡಿಮೆ, ಆದ್ದರಿಂದ ಅದು ದ್ವೀಪದೊಳಗೆ ಸಲೀಸಾಗಿ ಕೂರುತ್ತದೆ, ಹಿರಿಯರು ಓದಿಬಿಡುತ್ತಾರೆ. ಫೈಲಿನಲ್ಲಿ 6/12 ಎಂದು ಬರೆಯಲಾಗುತ್ತದೆ, ‘ದೃಷ್ಟಿ ಚೆನ್ನಾಗಿದೆ’ ಎಂಬ ಮಾತೂ ಬರುತ್ತದೆ. ಮನೆಗೆ ಬಂದು ಪತ್ರಿಕೆ ಹಿಡಿದರೆ 40 ಸೆಂಟಿಮೀಟರ್ ದೂರದಲ್ಲಿ ಅದೇ ಒಂದು ಡಿಗ್ರಿ ಏಳು ಮಿಲಿಮೀಟರ್ ಮಾತ್ರ. ಎರಡು ಮೂರು ಅಕ್ಷರ ಕಂಡರೆ ಪಕ್ಕದವು ಇಲ್ಲ, ‘ಸ್ವಾತಂತ್ರ್ಯ’ದಂಥ ಪದದಲ್ಲಿ ಮೂಲ ಅಕ್ಷರ ಕಂಡರೆ ಕೆಳಗಿನ ಒತ್ತು ಕತ್ತಲೆಯೊಳಗೆ ಬೀಳುತ್ತದೆ, ಸಾಲಿನ ಕೊನೆಯಿಂದ ಮುಂದಿನ ಸಾಲಿನ ಮೊದಲಿಗೆ ಕಣ್ಣು ಹಾರಿದರೆ ಆ ಮೊದಲು ಎಲ್ಲಿದೆಯೆಂದೇ ತಿಳಿಯದು.

ಇದರಲ್ಲಿ ಇನ್ನೂ ವಿಚಿತ್ರವಾದ ಒಂದು ಸಂಗತಿಯಿದೆ. ಇಂಥವರಿಗೆ ಸುದ್ದಿಯ ಸಣ್ಣ ಅಕ್ಷರ ತಡವರಿಸಿಯಾದರೂ ದಕ್ಕುತ್ತದೆ, ತಲೆಬರಹದ ದಪ್ಪ ಅಕ್ಷರ ದಕ್ಕುವುದಿಲ್ಲ, ಏಕೆಂದರೆ ಅದು ದ್ವೀಪದ ಆಚೀಚೆ ಚೆಲ್ಲಿಹೋಗುತ್ತದೆ. ನೆಲದ ಮೇಲೆ ಬಿದ್ದ ಗುಂಡುಸೂಜಿ ಎತ್ತಿಕೊಡುವ ಅಜ್ಜಿ ಎದುರಿಗೆ ಬಂದ ಸೊಸೆಯ ಮುಖವನ್ನು ಗುರುತಿಸದೆ ಇರಬಹುದು. ‘ಬೇಕಾದ್ದು ಕಾಣುತ್ತದೆ, ಬೇಡದ್ದು ಕಾಣುವುದಿಲ್ಲ’ ಎಂದು ಮನೆಯವರು ಆಡಿಕೊಳ್ಳುವುದನ್ನು ನಾನು ಬಲ್ಲೆ. ಅದು ನಟನೆಯಲ್ಲ, ರೇಖಾಗಣಿತ. ಈ ಕಾರಣಕ್ಕೇ ಒಣ ಬಗೆಯಲ್ಲಿ ದೃಷ್ಟಿಯ ಅಂಕಿ ವರ್ಷಗಟ್ಟಲೆ ಕದಲದೆ ನಿಂತು, ದ್ವೀಪ ಮುಳುಗಿದ ಕೆಲವೇ ತಿಂಗಳಲ್ಲಿ ಒಮ್ಮೆಗೇ ಪಾತಾಳಕ್ಕಿಳಿಯುತ್ತದೆ. ಜೊತೆಗೆ, ಈ ರೋಗವಿರುವ ಕಣ್ಣನ್ನು ಬೇರೆ ಬೇರೆ ದಿನ ಪರೀಕ್ಷಿಸಿದರೆ ರೋಗ ಕದಲದಿದ್ದರೂ ಹತ್ತು ಅಕ್ಷರಗಳ ಆಸುಪಾಸಿನ ಏರಿಳಿತ ಬರಬಹುದು. ಎರಡು ಮೂರು ಅಕ್ಷರ ಇಳಿಯಿತೆಂದು ಎದೆಗುಂದುವುದೂ ಏರಿತೆಂದು ಹಿಗ್ಗುವುದೂ ಅನವಶ್ಯಕ.

ಅಕ್ಷರ ನಂಬಲಾಗದಿದ್ದರೆ ತೇಪೆಯನ್ನೇ ಅಳೆಯೋಣ ಎಂದು ಸಂಶೋಧಕರು ಹೊರಟರು. ಇದಕ್ಕೆ ಆಟೊಫ್ಲೋರೆಸೆನ್ಸ್ ಎಂಬ ಫೋಟೊ ಬಳಸುತ್ತಾರೆ. ಬಣ್ಣದ ಚುಚ್ಚುಮದ್ದು ಬೇಕಿಲ್ಲ. ವರ್ಣಕೋಶಗಳೊಳಗೆ ಸೇರಿಕೊಂಡಿರುವ ಲಿಪೊಫ್ಯೂಸಿನ್ ಎಂಬ ವಸ್ತು ನೀಲಿ ಬೆಳಕು ಬಿದ್ದಾಗ ತಾನೇ ಹೊಳೆಯುತ್ತದೆ. ಕೋಶ ಸತ್ತಲ್ಲಿ ಹೊಳಪಿಲ್ಲ, ಆ ಜಾಗ ಕಪ್ಪಾಗಿ, ಸ್ಪಷ್ಟವಾದ ಅಂಚಿನೊಂದಿಗೆ ಕಾಣುತ್ತದೆ. ಅಂಚಿನ ಸುತ್ತ ಗೆರೆ ಎಳೆದು ವಿಸ್ತೀರ್ಣವನ್ನು ಚದರ ಮಿಲಿಮೀಟರಿನಲ್ಲಿ ಪಡೆಯಬಹುದು. ಎ‌ಆರ್‌ಇಡಿಎಸ್ ಅಧ್ಯಯನದ ಫೋಟೊಗಳ ಪ್ರಕಾರ ತೇಪೆಗಳು ಸರಾಸರಿ ವರ್ಷಕ್ಕೆ 1.8 ಚದರ ಮಿಲಿಮೀಟರಿನಷ್ಟು ಬೆಳೆಯುತ್ತವೆ. ಸರಾಸರಿಯ ಹಿಂದೆ ದೊಡ್ಡ ವ್ಯತ್ಯಾಸಗಳು ಅಡಗಿವೆ: ಜರ್ಮನಿಯಲ್ಲಿ ನಡೆದ ಒಂದು ಅಧ್ಯಯನದಲ್ಲಿ, ತೇಪೆಯ ಅಂಚಿನ ಸುತ್ತ ಅಸಹಜ ಹೊಳಪೇ ಇಲ್ಲದ ಕಣ್ಣುಗಳಲ್ಲಿ ಬೆಳವಣಿಗೆ ವರ್ಷಕ್ಕೆ 0.4 ಚದರ ಮಿಲಿಮೀಟರಿಗಿಂತ ಕಡಿಮೆ, ಹೊಳಪು ವಿಸ್ತಾರವಾಗಿ ಹಬ್ಬಿದ ಕಣ್ಣುಗಳಲ್ಲಿ ಸುಮಾರು 1.8. ಅಂದರೆ ಮೊದಲ ಫೋಟೊದಲ್ಲಿಯೇ ವೇಗದ ಸುಳಿವು ಸಿಗುತ್ತದೆ, ಎರಡು ವರ್ಷ ಕಾಯಬೇಕಿಲ್ಲ.

ವಿಸ್ತೀರ್ಣಕ್ಕೂ ಅದರದೇ ಆದ ಒಂದು ಮೋಸವಿದೆ, ಇದನ್ನು ತುಸು ನಿಧಾನವಾಗಿ ನೋಡುವುದು ಒಳ್ಳೆಯದು. ಕಾಗದದ ಮೇಲೆ ಹರಡುವ ಎಣ್ಣೆಯ ಕಲೆಯಂತೆ ತೇಪೆಯೂ ಅಂಚಿನಿಂದಲೇ ಬೆಳೆಯುತ್ತದೆ. ಒಂದು ಮಿಲಿಮೀಟರ್ ತ್ರಿಜ್ಯದ ದುಂಡು ತೇಪೆಯ ಅಂಚು ವರ್ಷಕ್ಕೆ 0.1 ಮಿಲಿಮೀಟರ್ ಸರಿದರೆ ವಿಸ್ತೀರ್ಣ 3.14ರಿಂದ 3.80ಕ್ಕೆ ಏರುತ್ತದೆ, ಹೆಚ್ಚಳ 0.66. ಎರಡು ಮಿಲಿಮೀಟರ್ ತ್ರಿಜ್ಯದ ತೇಪೆಯ ಅಂಚೂ ಅಷ್ಟೇ ಸರಿದರೆ 12.57ರಿಂದ 13.85ಕ್ಕೆ, ಹೆಚ್ಚಳ 1.28. ರೋಗದ ವೇಗ ಎರಡರಲ್ಲೂ ಒಂದೇ, ಅಂಕಿಯಲ್ಲಿ ಮಾತ್ರ ದೊಡ್ಡ ತೇಪೆ ಎರಡರಷ್ಟು ವೇಗವಾಗಿ ಬೆಳೆದಂತೆ ತೋರುತ್ತದೆ. ಔಷಧ ಪಡೆದ ಗುಂಪಿನಲ್ಲಿ ಆಕಸ್ಮಿಕವಾಗಿ ಚಿಕ್ಕ ತೇಪೆಯವರು ಹೆಚ್ಚಾಗಿ ಸೇರಿದ್ದರೆ ಔಷಧಕ್ಕೆ ಅನ್ಯಾಯವಾದ ಕೀರ್ತಿ ಬಂದುಬಿಡುತ್ತದೆ. ಈ ತೊಡಕಿಗೆ 2013ರಲ್ಲಿ ಒಂದು ಸರಳ ಪರಿಹಾರ ಬಂತು: ವಿಸ್ತೀರ್ಣದ ವರ್ಗಮೂಲ ತೆಗೆದು ಅದರ ಹೆಚ್ಚಳವನ್ನು ನೋಡುವುದು. ಮೇಲಿನ ಎರಡೂ ತೇಪೆಗಳಿಗೆ ಆಗ ವರ್ಷಕ್ಕೆ 0.18 ಮಿಲಿಮೀಟರ್ ಎಂಬ ಒಂದೇ ಉತ್ತರ ಸಿಗುತ್ತದೆ. ಶಾಲೆಯಲ್ಲಿ ಕಲಿತ ವರ್ಗಮೂಲ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮೊಮ್ಮಕ್ಕಳಿಗೆ ಇದನ್ನು ಹೇಳಬಹುದು. ಹಾಗೆಂದು ವರ್ಗಮೂಲವೂ ಎಲ್ಲವನ್ನೂ ಸರಿಪಡಿಸುವುದಿಲ್ಲ. ಅದೇ 3.14 ಚದರ ಮಿಲಿಮೀಟರ್ ಒಂದೇ ತೇಪೆಯಾಗಿರದೆ ಐದು ಸಮನಾದ ಚೂರುಗಳಾಗಿ ಹಂಚಿಹೋಗಿದ್ದರೆ ಅಂಚು ಹೆಚ್ಚು, ಆದ್ದರಿಂದ ಬೆಳವಣಿಗೆಯೂ ಹೆಚ್ಚು. ಪ್ರತಿ ಅಂಚೂ 0.1 ಮಿಲಿಮೀಟರ್ ಸರಿದರೆ ಒಟ್ಟು ವಿಸ್ತೀರ್ಣ ವರ್ಷದಲ್ಲಿ 4.7 ತಲುಪುತ್ತದೆ.

ಇಷ್ಟೆಲ್ಲ ಶುದ್ಧ ಮಾಡಿದ ಅಳತೆಯೂ ರೋಗಿಗೆ ಏನು ಹೇಳುತ್ತದೆ? ಈ ಪ್ರಶ್ನೆ ಈಚೆಗೆ ಎರಡು ಖಂಡಗಳನ್ನು ಬೇರೆ ಬೇರೆ ದಿಕ್ಕಿಗೆ ಎಳೆಯಿತು. ಲ್ಯಾಂಪಲಿಝುಮ್ಯಾಬ್ ಎಂಬ ಔಷಧ ಚಿಕ್ಕ ಪ್ರಯೋಗವೊಂದರಲ್ಲಿ ತೇಪೆಯ ಬೆಳವಣಿಗೆಯನ್ನು ಶೇಕಡಾ 20ರಷ್ಟು ತಗ್ಗಿಸಿದಂತೆ ಕಂಡು, ದೊಡ್ಡ ಪ್ರಯೋಗಗಳಲ್ಲಿ ಏನೂ ಮಾಡದೆ ಸೋತ ಮೇಲೆ, ಪೆಗ್‌ಸೆಟಕೊಪ್ಲಾನ್ ಮತ್ತು ಅವಸಿನ್‌ಕ್ಯಾಪ್ಟಾಡ್ ಪೆಗಾಲ್ ಎಂಬ ಎರಡು ಔಷಧಗಳು ಬಂದವು. ಎರಡೂ ಕಣ್ಣಿನೊಳಗೆ ಚುಚ್ಚಿ ಕೊಡುವಂಥವು, ಎರಡೂ ತೇಪೆಯ ಬೆಳವಣಿಗೆಯನ್ನು ಒಂದಿಷ್ಟು ನಿಧಾನಗೊಳಿಸುತ್ತವೆ. ಪೆಗ್‌ಸೆಟಕೊಪ್ಲಾನ್‌ನ ಎರಡು ವರ್ಷದ ಪ್ರಯೋಗಗಳಲ್ಲಿ ಪ್ರತಿ ತಿಂಗಳು ಪಡೆದವರಲ್ಲಿ ಬೆಳವಣಿಗೆ ಹೆಚ್ಚುಕಡಿಮೆ ಐದನೆಯ ಒಂದು ಪಾಲು ತಗ್ಗಿತ್ತು, ದೃಷ್ಟಿಯ ಪರೀಕ್ಷೆಗಳಲ್ಲಿ ಮಾತ್ರ ಪಡೆದವರಿಗೂ ಪಡೆಯದವರಿಗೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎರಡಕ್ಕೂ ಒಪ್ಪಿಗೆ ಕೊಟ್ಟಿತು. ಯುರೋಪಿನ ಸಂಸ್ಥೆ 2024ರಲ್ಲಿ ಪೆಗ್‌ಸೆಟಕೊಪ್ಲಾನ್‌ಗೆ ಒಪ್ಪಿಗೆ ನಿರಾಕರಿಸಿತು. ತೇಪೆ ನಿಧಾನವಾದದ್ದು ನಿಜ, ಅದರಿಂದ ರೋಗಿಯ ದಿನನಿತ್ಯದ ಬದುಕಿಗೆ ಆದ ಪ್ರಯೋಜನ ಕಾಣುತ್ತಿಲ್ಲ, ಮೇಲಿಂದ ಮೇಲೆ ಕೊಡುವ ಚುಚ್ಚುಮದ್ದಿನ ಅಪಾಯ ಮಾತ್ರ ಇದ್ದೇ ಇದೆ ಎಂಬುದು ಅದರ ವಾದ.

ಒಂದೇ ಪ್ರಯೋಗದ ಅಂಕಿಗಳನ್ನು ಓದಿ ಎರಡು ಸಂಸ್ಥೆಗಳು ಹೀಗೆ ಬೇರೆಯಾದದ್ದು ಯಾರ ಅಜ್ಞಾನದಿಂದಲೂ ಅಲ್ಲ. ಫೋವಿಯಾದ ದ್ವೀಪ ಉಳಿದಿರುವ ಕಣ್ಣಿನಲ್ಲಿ ಅಕ್ಷರದ ಹಲಗೆ ನಷ್ಟವನ್ನು ತೋರಿಸುವುದಿಲ್ಲ, ದ್ವೀಪ ಮುಳುಗಿದ ಕಣ್ಣಿನಲ್ಲಿ ಉಳಿಸಲು ಹೆಚ್ಚೇನೂ ಇರುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿ ಎರಡೇ ವರ್ಷದಲ್ಲಿ ಅಕ್ಷರಗಳ ಸರಾಸರಿ ತೆಗೆದರೆ ಔಷಧ ನಿಜವಾಗಿ ಕೆಲಸ ಮಾಡಿದ್ದರೂ ಕಾಣದೆ ಹೋಗಬಹುದು. ಇದು ಅಮೆರಿಕದ ನಿಲುವಿಗೆ ಬಲ ಕೊಡುವ ಮಾತು. ಆದರೂ ನನ್ನ ಒಲವು ಯುರೋಪಿನ ಕಡೆಗೇ ಸ್ವಲ್ಪ ಹೆಚ್ಚು. ವರ್ಷಗಟ್ಟಲೆ ಪ್ರತಿ ತಿಂಗಳೋ ತಿಂಗಳು ಬಿಟ್ಟು ತಿಂಗಳೋ ಕಣ್ಣಿಗೆ ಸೂಜಿ ಹಾಕಿಸಿಕೊಳ್ಳಬೇಕಾದ ಎಂಬತ್ತರ ವೃದ್ಧರಿಗೆ, ಅವರನ್ನು ಕರೆದುಕೊಂಡು ಬರಲು ಕೆಲಸಕ್ಕೆ ರಜೆ ಹಾಕುವ ಮಗಳಿಗೆ, ಪ್ರತಿಫಲ ಫೋಟೊದಲ್ಲಿ ಮಾತ್ರ ಕಂಡರೆ ಸಾಲದು.

ಹಾಗಾದರೆ ಬದುಕಿಗೆ ಹತ್ತಿರವಾದ ಅಳತೆ ಯಾವುದು? ಇಲ್ಲಿ ರೋಗಿಗಳ ದೂರುಗಳೇ ಸಂಶೋಧಕರಿಗೆ ದಾರಿ ತೋರಿಸಿವೆ. ಈ ರೋಗದಲ್ಲಿ ಮಂದ ಬೆಳಕಿಗೆ ಒದಗುವ ದಂಡಕೋಶಗಳು, ಹಗಲಿನ ಬೆಳಕಿಗೆ ಒದಗುವ ಶಂಕುಕೋಶಗಳಿಗಿಂತ ಮೊದಲು ಸೊರಗುತ್ತವೆ. ಬಿಸಿಲಿನಿಂದ ದೇವಸ್ಥಾನದ ಗರ್ಭಗುಡಿಯ ಮುಂದೆ ಬಂದು ನಿಂತವರಿಗೆ ಮೂರ್ತಿ ಕಾಣಲು ಬಹಳ ಹೊತ್ತು ಹಿಡಿಯುತ್ತಿದೆಯೆಂದರೆ, ಕರೆಂಟ್ ಹೋದಾಗ ಉಳಿದವರಿಗಿಂತ ಹೆಚ್ಚು ತಡಕಾಡುತ್ತಾರೆಂದರೆ, ಅದು ಬರೀ ವಯಸ್ಸಿನ ಮಾತಾಗಿರಲಿಕ್ಕಿಲ್ಲ. ಇದನ್ನೇ ಯಂತ್ರದಲ್ಲಿ ಅಳೆಯಬಹುದು: ಪ್ರಖರವಾದ ಮಿಂಚು ಹಾಯಿಸಿ, ಕತ್ತಲೆಯಲ್ಲಿ ಮಂದವಾದ ಚುಕ್ಕೆ ಕಾಣಲು ಎಷ್ಟು ನಿಮಿಷ ಬೇಕಾಯಿತೆಂದು ನೋಡುತ್ತಾರೆ, ಚಾಲ್ತಿಯಲ್ಲಿರುವ ಒಂದು ಪರೀಕ್ಷೆಯಲ್ಲಿ ಆರೂವರೆ ನಿಮಿಷ ದಾಟಿದರೆ ಅಸಹಜ. ಇನ್ನೊಂದು ವಿಧಾನ ಇನ್ನೂ ಅಗ್ಗ. ಅದೇ ಅಕ್ಷರದ ಹಲಗೆಯನ್ನು, ಬೆಳಕನ್ನು ನೂರನೆಯ ಒಂದು ಪಾಲಿಗೆ ಇಳಿಸುವ ಕಪ್ಪು ಗಾಜಿನ ಮೂಲಕ ಓದಿಸುವುದು. ಬೆಳಕಿನಲ್ಲಿ ಓದಿದ ಅಕ್ಷರಗಳಿಗೂ ಮಂದ ಬೆಳಕಿನಲ್ಲಿ ಓದಿದವಕ್ಕೂ ಅಂತರ ಹೆಚ್ಚಿದಷ್ಟೂ ಮುಂದೆ ದೃಷ್ಟಿ ಬೇಗ ಇಳಿಯುವ ಸಂಭವ ಹೆಚ್ಚು. ಮೈಕ್ರೊಪೆರಿಮೆಟ್ರಿ ಎಂಬ ಮೂರನೆಯದರಲ್ಲಿ ಯಂತ್ರ ರೆಟಿನಾದ ಅಲುಗಾಟವನ್ನು ಹಿಂಬಾಲಿಸುತ್ತಾ ಗೊತ್ತಾದ ಒಂದೊಂದು ಬಿಂದುವಿಗೂ ಬೆಳಕು ಹಾಯಿಸಿ, ಎಲ್ಲಿ ಎಷ್ಟು ಸಂವೇದನೆ ಉಳಿದಿದೆ ಎಂದು ಗುರುತಿಸುತ್ತದೆ. ಒಳ್ಳೆಯ ಪರೀಕ್ಷೆ, ಆದರೆ ಹೊತ್ತು ಹಿಡಿಯುತ್ತದೆ, ವಯಸ್ಸಾದವರು ದಣಿಯುತ್ತಾರೆ, ದಣಿದ ಮೇಲಿನ ಉತ್ತರಗಳು ರೋಗವನ್ನು ಹೇಳುತ್ತವೆಯೋ ಆಯಾಸವನ್ನೋ ತಿಳಿಯುವುದು ಕಷ್ಟ.

ತೇವದ ಬಗೆಯ ಅಳತೆಯನ್ನು ಚುಟುಕಾಗಿ ಮುಗಿಸುತ್ತೇನೆ. ಅಲ್ಲಿ ಒಸಿಟಿಯೇ ಮುಖ್ಯ, ನೀರು ಇದೆಯೇ ಇಲ್ಲವೇ, ಇದ್ದರೆ ಯಾವ ಪದರದಲ್ಲಿ ಎಂಬುದೇ ಮುಖ್ಯ. ರಿಪೋರ್ಟಿನ ಮೂಲೆಯಲ್ಲಿರುವ ದಪ್ಪದ ಅಂಕಿಯನ್ನೊಂದೇ ಹಿಡಿದು ಕೂರಬೇಡಿ. ನೀರು ಆರಿದರೂ ದಪ್ಪ ಇಳಿಯುತ್ತದೆ, ಕೋಶಗಳು ಸತ್ತು ರೆಟಿನಾ ತೆಳುವಾದರೂ ಇಳಿಯುತ್ತದೆ. ಹಳೆಯ ತಲೆಮಾರಿನ ಯಂತ್ರಕ್ಕೂ ಹೊಸದಕ್ಕೂ ಹತ್ತಾರು ಮೈಕ್ರಾನ್ ವ್ಯತ್ಯಾಸ ಬರುವುದೂ ಉಂಟು, ಏಕೆಂದರೆ ದಪ್ಪವನ್ನು ಯಾವ ಪದರದವರೆಗೆ ಅಳೆಯಬೇಕೆಂಬುದರಲ್ಲಿ ಅವು ಒಂದೇ ಅಲ್ಲ. ಆದ್ದರಿಂದ ಸಾಧ್ಯವಾದಷ್ಟೂ ಅದೇ ಯಂತ್ರದಲ್ಲಿ ಮಾಡಿಸಿ, ಬೇರೆ ಊರಿಗೆ ತೋರಿಸಲು ಹೋಗುವಾಗ ಹಳೆಯ ಸ್ಕ್ಯಾನುಗಳ ಚಿತ್ರಗಳನ್ನೂ ಕೇಳಿ ಪಡೆದುಕೊಂಡು ಹೋಗಿ.

ಸಭಿಕರಲ್ಲಿ ಒಬ್ಬ ಹಿರಿಯರು ಕೇಳಿದರು: “ಮೂರು ವರ್ಷದಿಂದ ವಿಟಮಿನ್ ಮಾತ್ರೆ ನುಂಗುತ್ತಿದ್ದೇನೆ ಡಾಕ್ಟ್ರೇ. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಯಾವ ಟೆಸ್ಟಿನಲ್ಲಿ ಗೊತ್ತಾಗುತ್ತದೆ?”

ಯಾವುದರಲ್ಲೂ ಗೊತ್ತಾಗುವುದಿಲ್ಲ ಸರ್. ಮಧ್ಯಮ ಹಂತದಲ್ಲಿದ್ದವರು ಅಥವಾ ಒಂದು ಕಣ್ಣು ಕೊನೆಯ ಹಂತ ತಲುಪಿದವರನ್ನು ತೆಗೆದುಕೊಂಡರೆ, ಮೊದಲು ಹೇಳಿದ ಅಮೆರಿಕದ ಅಧ್ಯಯನದ 2001ರ ಫಲಿತಾಂಶದ ಪ್ರಕಾರ ಖಾಲಿ ಮಾತ್ರೆ ಪಡೆದ ನೂರು ಜನರಲ್ಲಿ ಐದು ವರ್ಷದಲ್ಲಿ 28 ಜನರ ರೋಗ ಕೊನೆಯ ಹಂತಕ್ಕೆ ಮುಂದುವರಿಯಿತು, ವಿಟಮಿನ್ ಮತ್ತು ಸತು ಸೇರಿದ ಮಾತ್ರೆ ಪಡೆದವರಲ್ಲಿ 20 ಜನರದು. ನೂರಕ್ಕೆ ಎಂಟು ಜನ ಉಳಿದರು, ಆ ಎಂಟು ಜನ ಯಾರೆಂದು ಯಾರೂ ಬೊಟ್ಟು ಮಾಡಿ ತೋರಿಸಲಾರರು. ಗುಂಪಿನಲ್ಲಿ ಮಾತ್ರ ಕಾಣುವ ಲಾಭ ಇದು. ಮಾತ್ರೆಯಿಂದ ಡ್ರೂಸೆನ್ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆರಂಭದ ಹಂತದವರಿಗೆ ಅದರಿಂದ ಲಾಭ ಕಂಡುಬಂದಿಲ್ಲ. ಬೀಡಿ ಸಿಗರೇಟು ಸೇದುವವರು, ಹಿಂದೆ ಸೇದುತ್ತಿದ್ದವರು ಬೀಟಾ ಕ್ಯಾರೊಟಿನ್ ಇರುವ ಮಾತ್ರೆ ತೆಗೆದುಕೊಳ್ಳಬಾರದು, ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಅದರ ಬದಲು ಲುಟೀನ್ ಮತ್ತು ಝಿಯಾಕ್ಸಾಂಥಿನ್ ಇರುವುದನ್ನು ವೈದ್ಯರನ್ನು ಕೇಳಿ ಪಡೆಯಿರಿ.

ಇನ್ನೊಬ್ಬರು ಕೇಳಿದರು: “ನಮ್ಮ ತಾಯಿಯವರ ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಈಗ ತೊಂದರೆಯಿಲ್ಲ. ಮೂರು ತಿಂಗಳಿಗೊಮ್ಮೆ ತೋರಿಸಿದರೆ ಸಾಕಲ್ಲವೇ?”

ಬಲಗಣ್ಣಿನಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಎಡಗಣ್ಣಿಗೇ ಎರಡು ಅಂಕ ಬಂದಾಯಿತು. ಬಲಗಣ್ಣಿನಲ್ಲಿ ದೊಡ್ಡ ಡ್ರೂಸೆನ್ನೂ ಬಣ್ಣದ ಏರುಪೇರೂ ಇದ್ದರೆ ನಾಲ್ಕು, ಅಂದರೆ ಐದು ವರ್ಷದಲ್ಲಿ ಎರಡಕ್ಕೊಂದು ಪಾಲಿನ ಅಪಾಯ. ಎಷ್ಟು ತಿಂಗಳಿಗೊಮ್ಮೆ ಬರಬೇಕೆಂದು ನಿಮ್ಮ ವೈದ್ಯರು ಹೇಳುತ್ತಾರೆ. ಆದರೆ ತೇವದ ಬಗೆ ತಿರುಗಿಕೊಂಡರೆ ಎರಡು ಭೇಟಿಗಳ ನಡುವೆಯೇ ತಿರುಗಿಕೊಳ್ಳಬಹುದು, ಆದ್ದರಿಂದ ಮನೆಯಲ್ಲಿಯೂ ಅಳತೆ ನಡೆಯಬೇಕು. ಸ್ವಿಟ್ಜರ್‌ಲ್ಯಾಂಡಿನ ಮಾರ್ಕ್ ಆಮ್ಸ್ಲರ್ ಬಳಕೆಗೆ ತಂದ ಚೌಕಳಿ ಹಾಳೆ ಹತ್ತು ಸೆಂಟಿಮೀಟರ್ ಅಗಲ, ಐದೈದು ಮಿಲಿಮೀಟರಿನ ಮನೆಗಳು, ನಡುವೆ ಚುಕ್ಕೆ. ಓದುವ ಕನ್ನಡಕ ಹಾಕಿಸಿ, ಎಡಗಣ್ಣು ಮುಚ್ಚಿಸಿ, 30 ಸೆಂಟಿಮೀಟರ್ ದೂರದಲ್ಲಿ ಹಿಡಿದು ಚುಕ್ಕೆಯನ್ನೇ ನೋಡಲು ಹೇಳಿ. ಗೆರೆ ಎಲ್ಲಾದರೂ ಸೊಟ್ಟಗಾಗಿದೆಯೇ, ಮಸುಕಾಗಿದೆಯೇ ಎಂದು ಕೇಳಿ. ಈ ಹಾಳೆ ಬಹಳ ಸೂಕ್ಷ್ಮವಾದದ್ದೇನೂ ಅಲ್ಲ, ಕಾಣದ ಜಾಗವನ್ನು ಮಿದುಳು ತಾನೇ ಗೆರೆ ಎಳೆದು ತುಂಬಿಬಿಡುತ್ತದೆ, ಆದ್ದರಿಂದ ಎಲ್ಲ ನೇರವಾಗಿ ಕಂಡರೆ ಭೇಟಿ ತಪ್ಪಿಸಬಹುದು ಎಂದರ್ಥವಲ್ಲ. ಸೊಟ್ಟಗೆ ಕಂಡರೆ ಮಾತ್ರ ಅದಕ್ಕೆ ಅರ್ಥವಿದೆ. ಹಾಳೆ ಕೈಗೆ ಸಿಗದಿದ್ದರೆ ಬಚ್ಚಲುಮನೆಯ ಟೈಲ್ಸ್ ಗೆರೆಯೋ ಕಿಟಕಿಯ ಸರಳೋ ಆದೀತು. ಹೊಸದಾಗಿ ಸೊಟ್ಟ ಕಂಡರೆ ಮೂರು ತಿಂಗಳ ತಾರೀಖಿಗಾಗಿ ಕಾಯದೆ ಅದೇ ವಾರ ಒಸಿಟಿ ಮಾಡಿಸಿ. ಚುಚ್ಚುಮದ್ದು ಶುರುವಾದ ದಿನ ಎಷ್ಟು ದೃಷ್ಟಿ ಉಳಿದಿತ್ತೋ ಅದೇ ಬಹುಮಟ್ಟಿಗೆ ಮುಂದೆ ಎಷ್ಟು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸುತ್ತದೆ.